ಎಎ ಮೊದಲೋ, ಎ ಮೊದಲೋ? ಲಿಸ್ಪ್‌ನಲ್ಲಿ ದರ್ಜೆಗಳನ್ನು ಸಾಲಾಗಿ ಇಟ್ಟು ಹೋಲಿಸುವ ಬಗೆ

ಸಕಲೇಶಪುರದ ಹತ್ತಿರ ನಮ್ಮ ಚಿಕ್ಕಪ್ಪನ ತೋಟ ಇದೆ. ಅರೇಬಿಕಾ ಜಾಸ್ತಿ, ಕೆಳಗಿನ ತಾಕಿನಲ್ಲಿ ಸ್ವಲ್ಪ ರೋಬಸ್ಟಾ. ಹೋದ ವರ್ಷ ಪಾರ್ಚ್‌ಮೆಂಟನ್ನು (ಹೊಟ್ಟು ಸಮೇತ ಒಣಗಿಸಿದ ಬೀಜ) ಹಾಸನದಲ್ಲಿ ಹೊಟ್ಟು ತೆಗೆಯುವ ಕ್ಯೂರಿಂಗ್‌ಗೆ ಕೊಟ್ಟು ಗ್ರೇಡ್ ಮಾಡಿಸಿದರು. ಲಾಟುವಾರು ಬಂದ ಲೆಕ್ಕವನ್ನೆಲ್ಲ ಸೇರಿಸಿ ಒಂದು ಹಾಳೆಗೆ ಇಳಿಸಿಕೊಡು ಅಂದರು. ನಾನು ದಿನವಿಡೀ ಲಿಸ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕೋಡ್ ಬರೆಯುವವನು. ಎಕ್ಸೆಲ್ ತೆರೆಯುವುದು ಬಿಟ್ಟು ಕೋಡ್ ಬರೆಯುವ ಎಡಿಟರ್ ಇಮ್ಯಾಕ್ಸ್ ತೆರೆದೆ. ಅರ್ಧ ಗಂಟೆಗೆ ಹಾಳೆ ಸಿದ್ಧವಾಯಿತು. ಚಿಕ್ಕಪ್ಪ ಕನ್ನಡಕ ಏರಿಸಿ ನೋಡಿದರು.

"ಏನೋ ಇದು, ಎ ಮೇಲೆ ಕೂತಿದೆ, ಎಎ ಅದರ ಕೆಳಗೆ? ನಿನ್ನ ಕಂಪ್ಯೂಟರ್ ಕಾಫಿ ಬೀಜ ಕಂಡಿದೆಯೇನೋ?"

ಕಂಡಿಲ್ಲ, ಅದೇ ತೊಂದರೆ. ಪ್ಲಾಂಟೇಶನ್ ಕಾಫಿಯಲ್ಲಿ, ಅಂದರೆ ಪಲ್ಪ್ ಮಾಡಿ ತೊಳೆದ ಅರೇಬಿಕಾದಲ್ಲಿ, ದೊಡ್ಡ ಬೀಜ ಎಎ. ಆಮೇಲೆ ಎ, ಬಿ, ಸಿ. ಕೊನೆಗೆ ಒಡೆದ ಚೂರು, ಬಿಟ್ಸ್. ನಾನು ಇವನ್ನು ಸ್ಟ್ರಿಂಗ್ ಆಗಿ ಇಟ್ಟು ವಿಂಗಡಿಸುವ ಕೆಲಸವನ್ನು 'ಸ್ಟ್ರಿಂಗ್<'ಗೆ ಒಪ್ಪಿಸಿದ್ದೆ. ಅದಕ್ಕೆ ಗೊತ್ತಿರುವುದು ಅಕ್ಷರಗಳ ಸಾಲು ಮಾತ್ರ. ಹಾಗಾಗಿ ಹಾಳೆಯಲ್ಲಿ ಎ, ಎಎ, ಬಿ, ಬಿಟ್ಸ್, ಸಿ ಅಂತ ಬಂದಿತ್ತು. ಬಿಟ್ಸ್ ಹೋಗಿ ಸಿಗಿಂತ ಮೇಲೆ ಕೂತಿತ್ತು! ಕೇಡು ಏನೆಂದರೆ ಇದು ಮುಕ್ಕಾಲು ಪಾಲು ಸರಿಯಾಗಿ ಕಾಣುತ್ತದೆ. ಪೂರ್ತಿ ತಪ್ಪಾಗಿದ್ದರೆ ನನಗೇ ಹೊಳೆಯುತ್ತಿತ್ತು.

ಈ ಥರದ ಹೆಸರುಗಳು ಎಲ್ಲ ಕಡೆ ಇವೆ. ಲಾಗ್‌ನಲ್ಲಿ ಡೀಬಗ್, ಇನ್ಫೋ, ವಾರ್ನಿಂಗ್, ಎರರ್. ಶಾಲೆಯಲ್ಲಿ ಎಲ್‌ಕೆಜಿ, ಯುಕೆಜಿ, ಒಂದನೇ ಕ್ಲಾಸು. ಹೆಸರು ನಾಲ್ಕೈದೇ, ಆದರೆ ಅವುಗಳ ನಡುವೆ ಒಂದು ಮೇಲು ಕೀಳು ಇದೆ. ಬೇರೆ ಭಾಷೆಗಳಲ್ಲಿ ಇದಕ್ಕೆ ಈನಮ್ ಅನ್ನುತ್ತಾರೆ. ನಾನು ಬರೆಯುವ ಲಿಸ್ಪ್ ಬಗೆ ಕಾಮನ್ ಲಿಸ್ಪ್. ಅದರಲ್ಲಿ ಈನಮ್ ಎಂಬ ಸಿದ್ಧ ಸಾಮಾನು ಇಲ್ಲ. 1994ರ ಆನ್ಸಿ ಸ್ಟ್ಯಾಂಡರ್ಡ್‌ನಲ್ಲೂ ಸೇರಿಸಲಿಲ್ಲ. ಹತ್ತು ಸಾಲಿನಲ್ಲಿ ನಾವೇ ಕಟ್ಟಿಕೊಳ್ಳಬಹುದು, ಅದಕ್ಕೇ ಯಾರೂ ತಲೆ ಕೆಡಿಸಿಕೊಂಡಿಲ್ಲ ಅಂತ ಕಾಣುತ್ತದೆ.

ಕೋಡ್ ಓದುವ ಮುನ್ನ ಒಂದು ಮಾತು. ಇಲ್ಲಿ ಎಲ್ಲವನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಡೆಫನ್, ಪೊಸಿಷನ್ ಥರದ ಲಿಸ್ಪ್‌ನ ಸ್ವಂತ ಪದಗಳನ್ನು ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲಿ ಹಾಕಿಕೊಳ್ಳಿ. ನಾವಾಗಿ ಇಟ್ಟ ಹೆಸರುಗಳು, ಉದಾಹರಣೆಗೆ 'ದರ್ಜೆ-ಸ್ಥಾನ' ಅಥವಾ ':ಎಎ', ಕನ್ನಡದಲ್ಲೇ ಇರಲಿ. ಎಸ್‌ಬಿಸಿಎಲ್ (ಒಂದು ಕಾಮನ್ ಲಿಸ್ಪ್ ಕಂಪೈಲರ್) ಅವನ್ನು ತಕರಾರಿಲ್ಲದೆ ಒಪ್ಪುತ್ತದೆ. ಫೈಲ್ ಯುಟಿಎಫ್-8ರಲ್ಲಿ ಇದ್ದರೆ ಸಾಕು.

ಹಂತ 1: ಸಾಲನ್ನು ಒಂದೇ ಒಂದು ಕಡೆ ಬರೆಯಿರಿ

```
(ಡೆಫ್‌ಪ್ಯಾರಾಮೀಟರ್ *ದರ್ಜೆಗಳು*
  '(:ಬಿಟ್ಸ್ :ಸಿ :ಬಿ :ಎ :ಎಎ))
```

ಮೊದಲಲ್ಲಿ ಕೋಲನ್ ಇರುವ ಹೆಸರುಗಳು ಕೀವರ್ಡ್‌ಗಳು. ಎಲ್ಲಿ ಬರೆದರೂ ':ಎಎ' ಅಂದರೆ ಅದೇ ಒಂದು ವಸ್ತು. ಸಮಾನವಾ ಅಂತ ನೋಡಲು 'ಇಕ್ಯೂ' ಸಾಕು. ಆದರೆ '(< :ಎ :ಎಎ)' ಅಂದರೆ ಲಿಸ್ಪ್ ನಿಂತುಬಿಡುತ್ತದೆ, ಯಾಕೆಂದರೆ '<' ನಂಬರುಗಳಿಗೆ ಮಾತ್ರ. ನಿಂತರೆ ಒಳ್ಳೆಯದೇ. ಭಯಪಡಬೇಕಾದ್ದು 'ಸ್ಟ್ರಿಂಗ್<'ಗೆ. ಅದು ಕೀವರ್ಡನ್ನೂ ಹೆಸರಾಗಿ ಓದಿಕೊಂಡು ಸುಮ್ನೆ ಉತ್ತರ ಕೊಟ್ಟುಬಿಡುತ್ತದೆ. '(ಸ್ಟ್ರಿಂಗ್< :ಎ :ಎಎ)' ಅಂದರೆ 1 ಬರುತ್ತದೆ, ಅಂದರೆ 'ಹೌದು'. ಆ 1 ಎರಡು ಹೆಸರು ಬೇರೆಯಾಗುವ ಜಾಗ, ಅಷ್ಟೇ. ದರ್ಜೆಗೂ ಅದಕ್ಕೂ ಸಂಬಂಧವಿಲ್ಲ.

ಸಾಲನ್ನು ಕೀಳಿನಿಂದ ಮೇಲಕ್ಕೆ ಬರೆಯಬೇಕಾ, ಮೇಲಿನಿಂದ ಕೆಳಕ್ಕಾ? ನಾವು ಬಾಯಲ್ಲಿ ಹೇಳುವುದು ಎಎ, ಎ, ಬಿ, ಸಿ ಅಂತ. ನಾನೂ ಮೊದಲು ಹಾಗೇ ಬರೆದಿದ್ದೆ. ಆಗ ಎಎ ಸ್ಥಾನ 0, ಬಿಟ್ಸ್ ಸ್ಥಾನ 4. 'ಬಿಗಿಂತ ಮೇಲಿನವು' ಬೇಕು ಅಂದರೆ '<' ಹಾಕಬೇಕು. ಮೇಲು ಅಂದಾಗಲೆಲ್ಲ ತಲೆಯಲ್ಲಿ ತಿರುಗಿಸಿ ಕಡಿಮೆ ಅಂತ ಓದುವುದು, ಎರಡು ದಿನ ಬಿಟ್ಟು ನೋಡಿದರೆ ನಮ್ಮದೇ ಕೋಡು ನಮಗೇ ಅರ್ಥವಾಗುವುದಿಲ್ಲ. ಕೀಳಾದದ್ದು ಮೊದಲು ಬರಲಿ. ಆಗ '<' ಅಂದರೆ ಕಡಿಮೆ, '>' ಅಂದರೆ ಜಾಸ್ತಿ. ಬೇರೇನೂ ನೆನಪಿಡಬೇಕಿಲ್ಲ.

ಹಂತ 2: ಹೆಸರಿನಿಂದ ಸ್ಥಾನಕ್ಕೆ

```
(ಡೆಫನ್ ದರ್ಜೆ-ಸ್ಥಾನ (ದ)
  (ಆರ್ (ಪೊಸಿಷನ್ ದ *ದರ್ಜೆಗಳು*)
      (ಎರರ್ "ಇಂಥ ದರ್ಜೆ ಇಲ್ಲ: ~ಎಸ್" ದ)))
```

'(ದರ್ಜೆ-ಸ್ಥಾನ :ಎಎ)' ಅಂದರೆ 4. '(ದರ್ಜೆ-ಸ್ಥಾನ :ಸಿ)' ಅಂದರೆ 1.

ಆ 'ಆರ್' ಸಾಲನ್ನು ಬಿಡಬೇಡಿ. ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೆ 'ಪೊಸಿಷನ್' ಬಾಯಿ ಬಿಡದೆ 'ನಿಲ್', ಅಂದರೆ 'ಏನೂ ಇಲ್ಲ', ಕೊಡುತ್ತದೆ. ಆಮೇಲೆ ಎಲ್ಲೋ ದೂರದಲ್ಲಿ '<' ಬಂದು 'ನಿಲ್ ನಂಬರ್ ಅಲ್ಲ' ಅಂತ ಕೂಗುತ್ತದೆ. ಯಾವ ಲಾಟು, ಯಾವ ಹೆಸರು, ಏನೂ ಗೊತ್ತಾಗುವುದಿಲ್ಲ. ತಪ್ಪು ಹುಟ್ಟಿದ ಕಡೆಯೇ ಹಿಡಿಯಬೇಕು. ಪಟ್ಟಿಯಲ್ಲಿ ಐದೇ ಹೆಸರು ಇರುವಾಗ ಪೊಸಿಷನ್ ನಿಧಾನ ಅಂತ ಹ್ಯಾಶ್ ಟೇಬಲ್ ಹುಡುಕಿಕೊಂಡು ಹೋಗಬೇಡಿ. ಐದು ಚೀಲ ಎಣಿಸಲು ತಕ್ಕಡಿ ಯಾಕೆ?

ಹಂತ 3: ಹೋಲಿಸುವುದು

'ದರ್ಜೆ<', 'ದರ್ಜೆ>', 'ದರ್ಜೆ<=', 'ದರ್ಜೆ>=' ಅಂತ ನಾಲ್ಕು ಫಂಕ್ಷನ್ ಬರೆಯಬಹುದು. ಪುಸ್ತಕದ ದಾರಿ ಅದೇ. ನಾನು ಸೋಮಾರಿ, ಒಂದೇ ಬರೆದೆ:

```
(ಡೆಫನ್ ಹೋಲಿಸು (ಗುರುತು ಸ್ಥಾನ &ರೆಸ್ಟ್ ಹೆಸರುಗಳು)
  (ಅಪ್ಲೈ ಗುರುತು (ಮ್ಯಾಪ್‌ಕಾರ್ ಸ್ಥಾನ ಹೆಸರುಗಳು)))
```

ಎಲ್ಲ ಹೆಸರುಗಳನ್ನು ಸ್ಥಾನಕ್ಕೆ ಇಳಿಸಿ, ಕೊಟ್ಟ ಗುರುತಿನ ಕೈಗೆ ಹಾಕುವುದು, ಅಷ್ಟೇ ಕೆಲಸ. ಲಿಸ್ಪ್‌ನ '<' ಎರಡಕ್ಕಿಂತ ಜಾಸ್ತಿ ನಂಬರನ್ನೂ ಒಟ್ಟಿಗೆ ನೋಡುತ್ತದಲ್ಲ, ಆ ಅನುಕೂಲ ಇಲ್ಲೂ ಪುಕ್ಕಟೆ ಸಿಗುತ್ತದೆ:

```
(ಹೋಲಿಸು #'<  #'ದರ್ಜೆ-ಸ್ಥಾನ :ಸಿ :ಬಿ :ಎಎ)  ; ಉತ್ತರ ಟಿ, ಅಂದರೆ 'ಹೌದು'
(ಹೋಲಿಸು #'<= #'ದರ್ಜೆ-ಸ್ಥಾನ :ಬಿ ಬಂದದ್ದು :ಎಎ)
```

ಎರಡನೆಯದನ್ನು ಗಮನಿಸಿ. 'ಬಂದದ್ದು ಬಿಯಿಂದ ಎಎವರೆಗೆ ಇದೆಯಾ' ಅನ್ನುವ ಪ್ರಶ್ನೆ ಒಂದೇ ಸಾಲಿನಲ್ಲಿ ಮುಗಿಯಿತು. ವ್ಯಾಪಾರಿ ಫೋನ್ ಮಾಡಿ 'ಬಿ ಮತ್ತೆ ಮೇಲಿನದು ಎಷ್ಟಿದೆ' ಅಂದಾಗ ಬೇಕಾಗುವುದು ಇದೇ.

ಸ್ಥಾನಗಳನ್ನು ಹೋಲಿಸಿ, ಆದರೆ ಒಂದರಿಂದ ಒಂದನ್ನು ಕಳೆಯಬೇಡಿ. ಎಎಗೂ ಎಗೂ ನಡುವೆ 1, ಎಗೂ ಬಿಗೂ ನಡುವೆ 1 ಅಂತ ನಮ್ಮ ನಂಬರು ಹೇಳುತ್ತದೆ. ಬೀಜದ ಗಾತ್ರ ವಿಂಗಡಿಸುವ ಜರಡಿ ಹಾಗೆ ಹೇಳುವುದಿಲ್ಲ. ಜರಡಿಯ ನಂಬರು ಅಂದರೆ ತೂತಿನ ಅಗಲ, ಇಂಚಿನ 64ನೇ ಭಾಗಗಳ ಲೆಕ್ಕದಲ್ಲಿ. ಎಎ ನಿಲ್ಲುವುದು 18ರ ಮೇಲೆ, ಎ 17ರ ಮೇಲೆ, ಬಿ 15ರ ಮೇಲೆ. ಒಂದು ಕಡೆ ಒಂದು ಮೆಟ್ಟಿಲು, ಇನ್ನೊಂದು ಕಡೆ ಎರಡು. ಸ್ಥಾನ ಹೇಳುವುದು ಹಿಂದು ಮುಂದನ್ನು ಮಾತ್ರ, ದೂರವನ್ನಲ್ಲ. ನಿಮಗೆ ದೂರ ಬೇಕಿದ್ದರೆ ಜರಡಿ ನಂಬರನ್ನೇ ಬೇರೆ ಇಟ್ಟುಕೊಳ್ಳಿ.

ಹಂತ 4: ವಿಂಗಡಿಸುವಾಗ ನಾನು ಎಡವಿದ್ದು

ಲಾಟುಗಳಿಗೆ ಒಂದು ಸ್ಟ್ರಕ್ಟ್ ಮಾಡಿಕೊಂಡೆ, ಅದರಲ್ಲಿ ದರ್ಜೆ ಮತ್ತು ಕೆಜಿ. ವಿಂಗಡಿಸುವ ಸಾಲು ಹೀಗಿದೆ:

```
(ಸ್ಟೇಬಲ್-ಸಾರ್ಟ್ (ಕಾಪಿ-ಲಿಸ್ಟ್ ಲಾಟುಗಳು) #'>
  :ಕೀ (ಲ್ಯಾಮ್ಡಾ (ಲಾ) (ದರ್ಜೆ-ಸ್ಥಾನ (ಲಾಟು-ದರ್ಜೆ ಲಾ))))
```

'ಸ್ಟೇಬಲ್' ಯಾಕೆಂದರೆ ಒಂದೇ ದರ್ಜೆಯ ಲಾಟುಗಳು ಮೊದಲಿದ್ದ ಸಾಲಿನಲ್ಲೇ ಉಳಿಯಲಿ ಅಂತ. ಗುರುತು '>' ಆಗಿರಲಿ. '>=' ಹಾಕಿದರೆ ಸಮಾನವಾದವು ಹಿಂದುಮುಂದಾಗಿ ಸ್ಟೇಬಲ್ ಅನ್ನುವ ಹೆಸರೇ ಸುಳ್ಳಾಗುತ್ತದೆ.

ಆ 'ಕಾಪಿ-ಲಿಸ್ಟ್' ಅನ್ನುವುದಕ್ಕೆ ಒಂದು ಕಥೆ ಇದೆ. ಲಿಸ್ಪ್‌ನ 'ಸಾರ್ಟ್' ಕೊಟ್ಟ ಪಟ್ಟಿಯನ್ನೇ ಬಿಚ್ಚಿ ಮರುಜೋಡಿಸುತ್ತದೆ. ಹಾಳೆಯ ಮೇಲೆ ದರ್ಜೆಗಳನ್ನು ಮೇಲಿನಿಂದ ಕೆಳಕ್ಕೆ ಅಚ್ಚು ಮಾಡೋಣ ಅಂತ ಒಂದು ಸಂಜೆ '*ದರ್ಜೆಗಳು*' ಪಟ್ಟಿಯನ್ನೇ ಸಾರ್ಟ್‌ಗೆ ಕೊಟ್ಟೆ. ಆ ಸಲ ಹಾಳೆ ಚೆನ್ನಾಗಿಯೇ ಬಂತು. ಮುಂದಿನ ಸಲ ಓಡಿಸಿದರೆ 'ಇಂಥ ದರ್ಜೆ ಇಲ್ಲ: :ಎಎ'! ಹದಿನೈದು ನಿಮಿಷದ ಹಿಂದೆ ಇತ್ತಲ್ಲ? '*ದರ್ಜೆಗಳು*' ಅಂತ ಕೇಳಿದರೆ ಸಿಕ್ಕಿದ್ದು ಇಷ್ಟು:

```
(:ಬಿಟ್ಸ್)
```

ಐದರಲ್ಲಿ ಒಂದೇ ಉಳಿದಿತ್ತು. ವೇರಿಯಬಲ್ ಹಿಡಿದುಕೊಂಡಿದ್ದು ಬಿಟ್ಸ್ ಇದ್ದ ಕೊಂಡಿಯನ್ನು. ಮರುಜೋಡಿಸಿದ ಮೇಲೆ ಅದು ಸರಪಳಿಯ ಕೊನೆಗೆ ಹೋಗಿತ್ತು. ಮುಂದಿನ ನಾಲ್ಕೂ ಅದರ ಹಿಂದಕ್ಕೆ ಸೇರಿದ್ದವು, ಅಲ್ಲಿಂದ ಅವು ಕಾಣಿಸುವುದಿಲ್ಲ. ಅದೂ ಅಲ್ಲದೆ ಕೋಡಿನಲ್ಲಿ ಕೋಟ್ ಹಾಕಿ ಬರೆದ ಪಟ್ಟಿಯನ್ನು ತಿದ್ದಿದರೆ ಏನಾಗುತ್ತದೆ ಅಂತ ಸ್ಟ್ಯಾಂಡರ್ಡ್ ಯಾವ ಮಾತೂ ಕೊಡುವುದಿಲ್ಲ. ತಿರುವಿ ಅಚ್ಚು ಮಾಡಲು 'ರಿವರ್ಸ್' ಸಾಕಿತ್ತು. ಅದು ಹೊಸ ಪಟ್ಟಿ ಕೊಡುತ್ತದೆ, ಹಳೆಯದನ್ನು ಮುಟ್ಟುವುದಿಲ್ಲ.

ಸುಮ್ನೆ 0, 1, 2 ಅಂತ ನಂಬರೇ ಇಟ್ಟುಕೊಂಡರೆ ಆಗಲ್ವಾ?

ಆಗುತ್ತದೆ. 'ಡೆಫ್‌ಕಾನ್‌ಸ್ಟೆಂಟ್' ಹಾಕಿ '+ಎ+' ಅಂದರೆ 3, '+ಎಎ+' ಅಂದರೆ 4 ಅಂತ ಬರೆದರೆ ನೇರ '<' ಕೆಲಸ ಮಾಡುತ್ತದೆ. ತುಂಬಾ ಜನ ಹಾಗೇ ಮಾಡುತ್ತಾರೆ. ನನಗೆ ಹಿಡಿಸುವುದಿಲ್ಲ, ಎರಡು ಕಾರಣಕ್ಕೆ.

ತೋಟದ ಲೆಕ್ಕದಲ್ಲಿ ಇನ್ನೊಂದು ಸಾಲೂ ಇದೆ: ಹಣ್ಣು ಕೊಯ್ದದ್ದು, ಪಲ್ಪರ್‌ಗೆ ಹಾಕಿದ್ದು, ತೊಟ್ಟಿಯಲ್ಲಿ ಹುದುಗಿಗೆ ಬಿಟ್ಟದ್ದು, ತೊಳೆದದ್ದು, ಕಣದಲ್ಲಿ ಒಣಗಿದ್ದು. ಅದಕ್ಕೂ 0ಯಿಂದ 4. ಈಗ ಯಾರೋ ನಿದ್ದೆಗಣ್ಣಲ್ಲಿ '(< +ಎ+ +ಒಣಗಿದ+)' ಅಂತ ಬರೆದರೆ 3 ಮತ್ತು 4 ಹೋಲಿಸಿ 'ಹೌದು' ಅನ್ನುತ್ತದೆ. ಎ ದರ್ಜೆಗಿಂತ ಒಣಗಿದ್ದು ದೊಡ್ಡದಂತೆ! ಕೀವರ್ಡ್ ಆಗಿದ್ದರೆ 'ದರ್ಜೆ-ಸ್ಥಾನ' ಅಲ್ಲೇ ತಡೆದು ನಿಲ್ಲಿಸುತ್ತಿತ್ತು.

ಎರಡನೆಯದು ಫೈಲಿನದ್ದು. ಫೈಲಿಗೆ 3 ಅಂತ ಬರೆದಿಟ್ಟಿರಿ ಅನ್ನಿ. ಮುಂದಿನ ವರ್ಷ ಬಿಟ್ಸ್‌ಗಿಂತ ಕೆಳಗೆ ಬ್ಲ್ಯಾಕ್ ಅಂತ ಒಂದು ಸೇರಿಸಬೇಕಾಯಿತು. ಎಲ್ಲ ನಂಬರೂ ಒಂದೊಂದು ಮೇಲೆ ಹೋಯಿತು. ಹೋದ ವರ್ಷದ ಎ ಎಲ್ಲ ರಾತ್ರೋರಾತ್ರಿ ಬಿ ಆಯಿತು. ಫೈಲಿಗೆ ಯಾವಾಗಲೂ ಹೆಸರು ಬರೆಯಿರಿ. ಸ್ಥಾನ ಅನ್ನುವುದು ಪ್ರೋಗ್ರಾಮ್ ಓಡುವಾಗ ಮಾತ್ರ ಇರುವಂಥದ್ದು.

ಹಂತ 5: ಮ್ಯಾಕ್ರೋ

ಎರಡು ಸಾಲು ಆಯಿತು, ಎರಡಕ್ಕೂ ಪಟ್ಟಿ, ಸ್ಥಾನದ ಫಂಕ್ಷನ್, ಟೈಪ್ ಬೇಕು. ಮೂರನೇ ಸಲ ಅದೇ ಬರೆಯುವ ಬದಲು ಲಿಸ್ಪ್‌ಗೇ ಬರೆಯಲು ಹೇಳೋಣ:

```
(ಡೆಫ್‌ಮ್ಯಾಕ್ರೋ ಸಾಲು (ಟೈಪು ಸ್ಥಾನ &ರೆಸ್ಟ್ ಹೆಸರುಗಳು)
  `(ಪ್ರಾಗ್ಎನ್
     (ಡೆಫ್‌ಟೈಪ್ ,ಟೈಪು () '(ಮೆಂಬರ್ ,@ಹೆಸರುಗಳು))
     (ಡೆಫನ್ ,ಸ್ಥಾನ (ಯಾವುದು)
       (ಇಕೇಸ್ ಯಾವುದು
         ,@(ಲೂಪ್ ಫಾರ್ ಹೆಸರು ಇನ್ ಹೆಸರುಗಳು
                 ಫಾರ್ ಎಣಿಕೆ ಫ್ರಮ್ 0
                 ಕಲೆಕ್ಟ್ (ಲಿಸ್ಟ್ ಹೆಸರು ಎಣಿಕೆ))))))

(ಸಾಲು ದರ್ಜೆ ದರ್ಜೆ-ಸ್ಥಾನ :ಬಿಟ್ಸ್ :ಸಿ :ಬಿ :ಎ :ಎಎ)
(ಸಾಲು ಹದ ಹದ-ಸ್ಥಾನ :ಹಣ್ಣು :ಪಲ್ಪ್ :ಹುದುಗು :ತೊಳೆದ :ಒಣಗಿದ)
```

ಈಗ ಪಟ್ಟಿಯೇ ಇಲ್ಲ, ಸಾರ್ಟ್ ಮಾಡಿ ಹಾಳುಮಾಡಲು ಏನೂ ಉಳಿದಿಲ್ಲ. 'ಇಕೇಸ್' ಅನ್ನುವುದು ಗೊತ್ತಿಲ್ಲದ ಹೆಸರು ಬಂದರೆ ತಾನೇ ಎರರ್ ಕೊಡುತ್ತದೆ, ಅದರ ಜೊತೆಗೆ ಯಾವ ಯಾವ ಹೆಸರು ನಡೆಯುತ್ತಿತ್ತು ಅಂತಲೂ ಎಸ್‌ಬಿಸಿಎಲ್ ತೋರಿಸುತ್ತದೆ. 'ಹೋಲಿಸು' ಹಾಗೇ ನಡೆಯುತ್ತದೆ, ಒಂದಕ್ಷರ ಬದಲಾಗಬೇಕಿಲ್ಲ. ಟೈಪ್ ಸಿಕ್ಕಿದ್ದರಿಂದ ಸ್ಟ್ರಕ್ಟ್‌ಗೂ ಬಿಗಿ ಬಂತು:

```
(ಡೆಫ್‌ಸ್ಟ್ರಕ್ಟ್ ಲಾಟು
  (ದರ್ಜೆ (ಎರರ್ "ದರ್ಜೆ ಹಾಕಿಲ್ಲ") :ಟೈಪ್ ದರ್ಜೆ)
  (ಕೆಜಿ 0))
```

ದರ್ಜೆ ಕೊಡದೆ ಲಾಟು ಮಾಡಲು ಹೋದರೆ ಎರರ್. ಡೀಫಾಲ್ಟ್ ಅಂತ ':ಬಿಟ್ಸ್' ಹಾಕಿಬಿಟ್ಟರೆ ಮರೆತ ಲಾಟೆಲ್ಲ ಚೂರಿನ ರೇಟಿಗೆ ಹೋಗುತ್ತದೆ.

ಕಣ್ಣಿಗೆ ಕಾಣದ ಅಕ್ಷರ

ಕನ್ನಡದಲ್ಲಿ ಹೆಸರಿಡುವವರಿಗೆ ಇದೊಂದು ಎಚ್ಚರ. ಕೆಲವು ಕೀಬೋರ್ಡ್‌ಗಳು ಪದದ ಕೊನೆಗೆ 'ಟ್ಸ್' ಥರ ಅರ್ಧಾಕ್ಷರ ಬಂದರೆ ಅದಾದ ಮೇಲೆ ಒಂದು ಅಗಲವಿಲ್ಲದ ಅಕ್ಷರ ಅಂಟಿಸುತ್ತವೆ. ಯೂನಿಕೋಡ್‌ನಲ್ಲಿ ಅದರ ನಂಬರು 8204. ಮುಂದಿನ ಅಕ್ಷರ ಒತ್ತಾಗಿ ಕೂರದಿರಲಿ ಅಂತ ಅದು ಇರುವುದು. ಪರದೆಯ ಮೇಲೆ ಎರಡೂ ':ಬಿಟ್ಸ್'. ಲಿಸ್ಪ್‌ಗೆ ಅವು ಎರಡು ಬೇರೆ ಹೆಸರು. ನನಗೆ 'ಬಿಟ್ಸ್ ಇಲ್ಲ' ಅಂತ ಎರರ್ ಬರುತ್ತಿತ್ತು, ಅದರ ಕೆಳಗೇ ನಡೆಯುವ ಹೆಸರುಗಳ ಪಟ್ಟಿಯಲ್ಲಿ ಬಿಟ್ಸ್ ಹಲ್ಲು ಕಿರಿಯುತ್ತಿತ್ತು. ಕೊನೆಗೆ ಹೆಸರಿನ ಉದ್ದ ಎಣಿಸಿದಾಗ ಒಂದು ಜಾಸ್ತಿ ಬಂತು, ಆಗ ಗುಟ್ಟು ಸಿಕ್ಕಿತು. ಫೈಲಿನಿಂದ ಓದುವಾಗ ಹೀಗೆ ಶುದ್ಧ ಮಾಡಿಕೊಳ್ಳಿ:

```
(ಇಂಟರ್ನ್ (ರಿಮೂವ್ (ಕೋಡ್-ಚಾರ್ 8204) ಓದಿದ್ದು) :ಕೀವರ್ಡ್)
```

ನೀವು ಕೋಡಿನಲ್ಲಿ ಇಟ್ಟ ಹೆಸರುಗಳಲ್ಲೂ ಆ ಅಕ್ಷರ ಇರಬಾರದು, ಇಲ್ಲದಿದ್ದರೆ ಪೇಚಾಟ ತಿರುಗಾಮುರುಗಾ ಆಗುತ್ತದೆ. ಒಂದು ಲಾಭವೂ ಇದೆ. ಇಂಗ್ಲಿಷ್ ಹೆಸರಾಗಿದ್ದರೆ ಓದಿದ್ದನ್ನು ದೊಡ್ಡಕ್ಷರ ಮಾಡುವ ಕೆಲಸವೂ ಇರುತ್ತಿತ್ತು. ಕನ್ನಡಕ್ಕೆ ಆ ಉಪದ್ರವ ಇಲ್ಲ.

ಪೀಬೆರಿ ಎಲ್ಲಿ ಕೂರಬೇಕು?

ಇಷ್ಟೂ ಮಾಡಿ ಹಾಳೆ ತೆಗೆದುಕೊಂಡು ಹೋದೆ. ಚಿಕ್ಕಪ್ಪ ಕೇಳಿದ ಮೊದಲ ಮಾತು, "ಪಿಬಿ ಎಲ್ಲೋ?"

ಮರೆತಿದ್ದೆ. ಕಾಫಿ ಹಣ್ಣಿನಲ್ಲಿ ಸಾಮಾನ್ಯವಾಗಿ ಎರಡು ಬೀಜ, ಮುಖಕ್ಕೆ ಮುಖ ಚಪ್ಪಟೆ. ಕೆಲವು ಹಣ್ಣಿನಲ್ಲಿ ಒಂದೇ ಬೀಜ ಬೆಳೆದು ದುಂಡಗಾಗುತ್ತದೆ. ಅದು ಪೀಬೆರಿ, ಲೆಕ್ಕದಲ್ಲಿ ಪಿಬಿ. ಸರಿ, ಎಎಗಿಂತ ಮೇಲಾ, ಎಗಿಂತ ಕೆಳಗಾ ಅಂತ ಕೇಳಿದೆ.

"ಮೇಲೂ ಇಲ್ಲ ಕೆಳಗೂ ಇಲ್ಲ. ಅದು ದುಂಡು. ಅದರ ಪಾಡಿಗೆ ಅದು."

ನನ್ನ ಕೈ ಆಗಲೇ ಎಎ ಪಕ್ಕದಲ್ಲಿ ':ಪಿಬಿ' ಸೇರಿಸಲು ಹೊರಟಿತ್ತು. ಸೇರಿಸಿದ್ದರೆ ಪ್ರೋಗ್ರಾಮ್ ಖುಷಿಯಾಗಿ ಓಡುತ್ತಿತ್ತು. 'ಎಗಿಂತ ದೊಡ್ಡ ಬೀಜ ಎಷ್ಟು ಕೆಜಿ' ಅಂದರೆ ಪೀಬೆರಿಯನ್ನೂ ಕೂಡಿಸಿ ಹೇಳುತ್ತಿತ್ತು. ಆ ಲೆಕ್ಕ ತಪ್ಪು, ಆದರೆ ಎಲ್ಲೂ ಎರರ್ ಬರುತ್ತಿರಲಿಲ್ಲ. ಹೆಸರುಗಳು ಒಂದೇ ಹಾಳೆಯಲ್ಲಿ ಇವೆ ಅಂದಮಾತ್ರಕ್ಕೆ ಅವೆಲ್ಲ ಒಂದೇ ಏಣಿಯ ಮೆಟ್ಟಿಲಲ್ಲ. ಕೋಡಿಗೆ ಕೈ ಹಾಕುವ ಮುಂಚೆ ವಿಷಯ ಬಲ್ಲವರನ್ನು ಒಂದೊಂದು ಜೋಡಿ ಹಿಡಿದು ಕೇಳಿ: ಇದು ಅದಕ್ಕಿಂತ ಮೇಲೋ? ಅವರು ತಡವರಿಸಿದ ಕಡೆ ನಿಮ್ಮ ಸಾಲು ಮುರಿದಿದೆ.

ಹಾಳೆಯಲ್ಲಿ ಮಾತ್ರ ಪಿಬಿ ಎಲ್ಲಾದರೂ ಒಂದು ಕಡೆ ಬರಲೇಬೇಕು. ಚಿಕ್ಕಪ್ಪನಿಗೆ ಅದು ಎಲ್ಲಕ್ಕಿಂತ ಮೇಲೆ ಇರಬೇಕು, ಅವರ ಹಳೆಯ ಪುಸ್ತಕದಲ್ಲಿ ಹಾಗೇ ಇದೆ. ಅಂದರೆ ಬೇಕಿರುವುದು ಎರಡು ಸಾಲು, ಗಾತ್ರದ್ದು ಒಂದು, ಅಚ್ಚು ಮಾಡುವುದಕ್ಕೆ ಇನ್ನೊಂದು:

```
(ಸಾಲು ಹಾಳೆ ಹಾಳೆ-ಸ್ಥಾನ :ಪಿಬಿ :ಎಎ :ಎ :ಬಿ :ಸಿ :ಬಿಟ್ಸ್)
```

ಅಚ್ಚಿಗೆ 'ಹಾಳೆ-ಸ್ಥಾನ' ಮತ್ತು '#'<'. ಗಾತ್ರ ಹೋಲಿಸಲು 'ದರ್ಜೆ-ಸ್ಥಾನ'. ಅಲ್ಲಿ ':ಪಿಬಿ' ಕೊಟ್ಟರೆ ಎರರ್, ಅದೇ ಬೇಕಿದ್ದದ್ದು. ಲಾಟಿನ ಸ್ಟ್ರಕ್ಟ್‌ನಲ್ಲಿ ಟೈಪನ್ನು 'ದರ್ಜೆ' ಬದಲು 'ಹಾಳೆ' ಮಾಡಿದೆ, ಪಿಬಿ ಲಾಟನ್ನೂ ಹಿಡಿಯಬೇಕಲ್ಲ. ಗಾತ್ರದ ಲೆಕ್ಕಕ್ಕೆ ಹೋಗುವ ಮುಂಚೆ '(ಟೈಪ್‌ಪಿ (ಲಾಟು-ದರ್ಜೆ ಲಾ) 'ದರ್ಜೆ)' ಅಂತ ನೋಡಿ ಪಿಬಿಯನ್ನು ಬದಿಗಿಟ್ಟರೆ ಆಯಿತು.

ರೋಬಸ್ಟಾ ಚೆರಿ (ಪಲ್ಪ್ ಮಾಡದೆ ಹಣ್ಣಾಗೇ ಒಣಗಿಸಿದ್ದು) ಬಂದರೆ ಇನ್ನೊಂದು ತೊಡಕು. ಅಲ್ಲಿ ಎಎ ಆದ ಮೇಲೆ ಎಬಿ, ಆಮೇಲೆ ಸಿ. ಎ, ಬಿ ಅಂತ ಬೇರೆ ಬೇರೆ ಇಲ್ಲ. ಅದಕ್ಕೆ ಬೇರೆಯೇ ಸಾಲು ಬೇಕು. ಆದರೆ ':ಎಎ' ಅನ್ನುವ ಕೀವರ್ಡ್ ಎರಡು ಸಾಲಿನಲ್ಲೂ ಇರುವುದರಿಂದ ಪ್ಲಾಂಟೇಶನ್ ಎಎಯನ್ನು ಚೆರಿ ಎಎ ಜೊತೆ ಹೋಲಿಸಿದರೆ ಇಕೇಸ್ ತಡೆಯುವುದಿಲ್ಲ. ನಾನು ಅಲ್ಲಿ ':ಚೆರಿ-ಎಎ', ':ಚೆರಿ-ಎಬಿ' ಅಂತ ಉದ್ದ ಹೆಸರೇ ಇಟ್ಟೆ. ಚಂದ ಕಾಣುವುದಿಲ್ಲ, ಆದರೆ ಬೆರೆಯುವುದಿಲ್ಲ.

ಸ್ಕೀಮ್ (ಲಿಸ್ಪ್‌ನ ಇನ್ನೊಂದು ಬಗೆ) ಬರೆಯುವವರು ಇದನ್ನೆಲ್ಲ ಕೈಯಾರೆ ಕಟ್ಟಬೇಕಿಲ್ಲ. ಸ್ಕೀಮ್‌ನ 2007ರ ಸ್ಟ್ಯಾಂಡರ್ಡ್ ಆದ ಆರ್6ಆರ್‌ಎಸ್‌ನಲ್ಲಿ 'ಡಿಫೈನ್-ಎನ್ಯುಮರೇಶನ್' ಇದೆ. ಸ್ಕೀಮ್ ಬಳಗದ ಲೈಬ್ರರಿ ಪ್ರಸ್ತಾವ ಸರ್ಫಿ 209ರಲ್ಲಿ 'ಈನಮ್<?' ಅಂತ ಹೋಲಿಸುವ ಫಂಕ್ಷನ್‌ಗಳೇ ಸಿದ್ಧವಾಗಿವೆ. ಕಾಮನ್ ಲಿಸ್ಪ್‌ನಿಂದ ಸಿ ಲೈಬ್ರರಿ ಕರೆಯುವವರಿಗೆ ಸಿಎಫ್‌ಎಫ್‌ಐ ಕೊಡುವ 'ಡೆಫ್‌ಸಿಈನಮ್' ಇದೆ. ಅಲ್ಲಿ ನಂಬರನ್ನು ಸಿ ಕಡೆಯವರು ಆಗಲೇ ಗೊತ್ತು ಮಾಡಿಟ್ಟಿರುತ್ತಾರೆ, ಅವನ್ನು ಬದಲಿಸುವ ಹಾಗಿಲ್ಲ.

ಕೊನೆಯದಾಗಿ ಫೈಲಿನ ತುದಿಗೆ ನಾನು ಹಾಕಿಕೊಂಡ ಮೂರು ಸಾಲು. ಯಾರಾದರೂ ಮುಂದೆ ದರ್ಜೆಗಳನ್ನು ತಿದ್ದುವಾಗ ಈಗಿರುವ ಸಾಲು ಹಿಂದುಮುಂದಾದರೆ ಲೋಡ್ ಆಗುವಾಗಲೇ ನಿಲ್ಲುತ್ತದೆ:

```
(ಅಸರ್ಟ್ (ಹೋಲಿಸು #'< #'ದರ್ಜೆ-ಸ್ಥಾನ :ಬಿಟ್ಸ್ :ಸಿ :ಬಿ :ಎ :ಎಎ))
(ಅಸರ್ಟ್ (ಹೋಲಿಸು #'< #'ಹದ-ಸ್ಥಾನ :ಹುದುಗು :ತೊಳೆದ :ಒಣಗಿದ))
(ಅಸರ್ಟ್ (ನಾಟ್ (ಟೈಪ್‌ಪಿ :ಪಿಬಿ 'ದರ್ಜೆ)))
```

ಮೂರನೆಯದನ್ನು ಬರೆದ ಕಾರಣವನ್ನು ಅದರ ಪಕ್ಕದಲ್ಲೇ ಕಾಮೆಂಟ್ ಹಾಕಿದ್ದೇನೆ: 'ಅದರ ಪಾಡಿಗೆ ಅದು.'